ಪಟ್ಟಣಗಳ ಪರೀಕ್ಷೆಯೂ ದಾವಣಗೆರೆಯ ಒಂಬತ್ತನೆಯ ಸ್ಥಾನವೂ

ಊರುಗಳಿಗೆ ಹೆಚ್ಚುಕಡಿಮೆಯ ಮರ್ಯಾದೆಯನ್ನು ಗೊತ್ತುಪಡಿಸುವ ವಾಡಿಕೆಯು ನಮ್ಮ ಸೀಮೆಗೆ ಹೊಸದಲ್ಲ. ಹೆಣ್ಣು ಕೊಡುವ ತಂದೆತಾಯಿಗಳು ವರನ ವಿದ್ಯೆಯನ್ನೂ ಹೊಲಮನೆಯನ್ನೂ ವಿಚಾರಿಸುವುದಕ್ಕೆ ಮೊದಲೇ "ಆ ಊರಾಗ ನೀರು ಹೆಂಗ?" ಎಂದು ಕೇಳಿರುತ್ತಾರೆ. ವರದಾ ನದಿಯ ದಂಡೆಯ ಹೊಸರಿತ್ತಿಗೆ ಮಗಳನ್ನು ಕೊಡಲು ಸಂತೋಷದಿಂದ ಒಪ್ಪುವವರೇ, ಹೊಳೆಯಿಂದ ದೂರದ ಮಡ್ಡಿಯ ಮೇಲಿನ ಒಂದು ಊರಿನ ಹೆಸರನ್ನೆತ್ತಿದೊಡನೆ ಮಾತು ಬದಲಿಸುವುದುಂಟು. ಕೊಡ ಹೊತ್ತು ಹೊತ್ತು ಮಗಳ ನಡು ಬಿದ್ದುಹೋದೀತೆಂಬ ಭಯವು ಅವರಿಗೆ. ಹೀಗೆಯೇ ಒಂದೂರಿನ ಸಂತೆ ಒಳ್ಳೆಯದು, ಇನ್ನೊಂದೂರಿನ ಸಾಲೆ ಒಳ್ಳೆಯದು, ಮತ್ತೊಂದರ ಜನರು ವ್ಯಾಜ್ಯಪ್ರಿಯರು ಎಂಬ ಮಾತುಗಳು ಮನೆಮನೆಯಲ್ಲಿಯೂ ನಡೆದಿರುತ್ತವೆ. ಯಾವ ಕಾಗದದ ಮೇಲೂ ಬರೆದಿಡದ ಈ ಯಾದಿಯನ್ನು ಸೀಮೆಯ ಹಿರಿಯರೆಲ್ಲರೂ ಬಾಯಿಪಾಠವಾಗಿ ಬಲ್ಲರು. ಅದನ್ನು ನಂಬಿ ಲಗ್ನಗಳು ನಡೆದಿವೆ, ಗೊತ್ತಾದ ಲಗ್ನಗಳು ಮುರಿದೂ ಇವೆ.

ಇದೇ ಕೆಲಸವನ್ನು ಈಗ ಸರಕಾರಗಳೂ ಪತ್ರಿಕೆಗಳೂ ಕೈಕೊಂಡಿವೆ. ವಾಸಕ್ಕೆ ಯಾವ ಪಟ್ಟಣವು ಮೇಲು, ವ್ಯಾಪಾರಕ್ಕೆ ಯಾವುದು ಮೇಲು, ಸ್ವಚ್ಛತೆಯಲ್ಲಿ ಯಾವುದು ಮೊದಲು ಎಂದು ಅಂಕಗಳನ್ನು ಹಾಕಿ, ದೇಶದ ಪಟ್ಟಣಗಳನ್ನೆಲ್ಲ ಸಾಲೆಯ ಹುಡುಗರಂತೆ ಸಾಲಾಗಿ ನಿಲ್ಲಿಸುವ ಪದ್ಧತಿಯಿದು. ಯಾದಿಯು ಪ್ರಕಟವಾದ ಮರುದಿನ ಮೇಲಿನ ಸ್ಥಾನ ಸಿಕ್ಕ ಊರಿನಲ್ಲಿ ಅಭಿನಂದನೆಯ ಫಲಕಗಳು ಏಳುತ್ತವೆ. ಕೆಳಗಿನ ಸ್ಥಾನದ ಊರಿನವರು ಪರೀಕ್ಷೆಯೇ ಸರಿಯಿಲ್ಲವೆನ್ನುತ್ತಾರೆ. ಇದಿಷ್ಟೇ ಆಗಿದ್ದರೆ ನಕ್ಕು ಬಿಡಬಹುದಾಗಿತ್ತು. ಆದರೆ ಪ್ಲಾಟು ಮಾರುವವರ ಜಾಹೀರಾತಿನಲ್ಲಿಯೂ ಕಾಲೇಜುಗಳ ಪರಿಚಯಪತ್ರದಲ್ಲಿಯೂ ಈ ನಂಬರು ಈಗ ಅಚ್ಚಾಗುತ್ತಿದೆ. ಎಕರೆ ಹೊಲವನ್ನು ಮಾರಿ ಮಕ್ಕಳ ಓದಿಗೋಸ್ಕರ ಪೇಟೆ ಸೇರಬೇಕೆಂದು ಹೊಂಚುಹಾಕುತ್ತಿರುವ ಗೃಹಸ್ಥನು ಇದನ್ನು ಓದಿ ನಿರ್ಧಾರ ಮಾಡುವ ಕಾಲವು ಬಂದಿದೆ. ಮಾರಿದ ಹೊಲವು ತಿರುಗಿ ಬರುವುದಿಲ್ಲ. ಆದುದರಿಂದ ಈ ನಂಬರು ಹೇಗೆ ಹುಟ್ಟುತ್ತದೆಂಬುದನ್ನು ಮನೆಯ ಯಜಮಾನನೂ ಯಜಮಾನಿಯೂ ತಿಳಿದಿರುವುದು ಮೇಲು.

ಈ ವಿದ್ಯೆಯಲ್ಲಿ ಅಮೇರಿಕೆಯವರು ಮೊದಲಿಗರು. ಥಾರ್ನ್‌ಡೈಕ್ ಎಂಬ ಹೆಸರಾಂತ ಮನಶ್ಶಾಸ್ತ್ರಜ್ಞರು 1939ರಲ್ಲಿಯೇ ಅಲ್ಲಿಯ 310 ಪಟ್ಟಣಗಳನ್ನು ತೂಗಿ ನೋಡಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಕೂಸುಗಳ ಮರಣ ಎಷ್ಟು, ಸಾಲೆಗೆ ಮಾಡುವ ಖರ್ಚು ಎಷ್ಟು, ವಾಚನಾಲಯದ ಪುಸ್ತಕಗಳನ್ನು ಜನರು ಎಷ್ಟು ಸಲ ಒಯ್ಯುತ್ತಾರೆ, ಸ್ವಂತ ಮನೆಯುಳ್ಳವರೆಷ್ಟು ಎಂಬಂಥ ಮೂವತ್ತಕ್ಕೂ ಹೆಚ್ಚಿನ ಲೆಕ್ಕಗಳನ್ನು ಅವರು ಕೂಡಿಸಿದ್ದರು; ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಎಂಬ ಊರಿಗೆ ಮೊದಲನೆಯ ಸ್ಥಾನ ಬಂದಿತು. 1987ರಲ್ಲಿ ಅಲ್ಲಿಯ 'ಮನಿ' ಎಂಬ ಪತ್ರಿಕೆಯು ವಾಸಯೋಗ್ಯ ಊರುಗಳ ಯಾದಿಯನ್ನು ಆರಂಭಿಸಿದಾಗ ಮೊದಲಾಗಿ ಬಂದದ್ದು ನ್ಯಾಶುವಾ. ಜನಸಂಖ್ಯೆಯಲ್ಲಿ ಈ ನ್ಯಾಶುವಾ ನಮ್ಮ ರಾಣೆಬೆನ್ನೂರಿಗಿಂತಲೂ ಚಿಕ್ಕದು! ಹತ್ತು ವರ್ಷಗಳ ಬಳಿಕ, 1997ರಲ್ಲಿ, ಅದೇ ಊರು ಮತ್ತೊಮ್ಮೆ ಮೊದಲನೆಯದಾಯಿತು. ಇವೆರಡರ ನಡುವೆ ಬೇರೆ ಬೇರೆ ಊರುಗಳು ಮೇಲೆ ಬಂದುಹೋದವು. ಒಂದು ಊರು ಒಂದು ವರ್ಷದಲ್ಲಿ ಅಷ್ಟು ಕೆಡುವುದೂ ಇನ್ನೊಂದು ವರ್ಷದಲ್ಲಿ ಅಷ್ಟು ಸುಧಾರಿಸುವುದೂ ಸಾಧ್ಯವೆ? ಬದಲಾಗುವುದು ಬಹುಮಟ್ಟಿಗೆ ತಕ್ಕಡಿಯೇ ಹೊರತು ಊರಲ್ಲ.

ತಕ್ಕಡಿಯ ಈ ಗುಟ್ಟನ್ನು ಹೊರಗೆಡಹಿದವರೂ ಅಮೇರಿಕೆಯವರೇ. 1985ರಲ್ಲಿ ಅಲ್ಲಿಯ ಒಂದು ಪ್ರಸಿದ್ಧ ಕೈಪಿಡಿಯು 329 ಪಟ್ಟಣಪ್ರದೇಶಗಳನ್ನು ಹವೆ, ಮನೆ, ಆರೋಗ್ಯ, ಅಪರಾಧ, ಸಾರಿಗೆ, ವಿದ್ಯೆ, ಕಲೆ, ವಿನೋದ, ಆರ್ಥಿಕಸ್ಥಿತಿ ಎಂಬ ಒಂಬತ್ತು ಬಾಬುಗಳಲ್ಲಿ ಪರೀಕ್ಷಿಸಿ, ಪಿಟ್ಸ್‌ಬರ್ಗಿಗೆ ಮೊದಲನೆಯ ಸ್ಥಾನವನ್ನು ಕೊಟ್ಟಿತು. ಉಕ್ಕಿನ ಕಾರಖಾನೆಗಳು ಒಂದೊಂದಾಗಿ ಮುಚ್ಚಿ, ಸಾವಿರಾರು ಕೂಲಿಕಾರರು ಕೆಲಸ ಕಳೆದುಕೊಂಡು ಕುಳಿತಿದ್ದ ಕಾಲವದು! ಎರಡು ವರ್ಷಗಳ ತರುವಾಯ ಬೆಲ್ ಪ್ರಯೋಗಶಾಲೆಯ ನಾಲ್ವರು ಸಂಖ್ಯಾಶಾಸ್ತ್ರಜ್ಞರು ಅದೇ ಕೈಪಿಡಿಯ ಅಂಕಗಳನ್ನೇ ತೆಗೆದುಕೊಂಡು, ಒಂಬತ್ತು ಬಾಬುಗಳಿಗೆ ಕೊಡುವ ತೂಕವನ್ನು ಮಾತ್ರ ಬೇರೆ ಬೇರೆ ಮಾಡುತ್ತ ಹೋದರು. ಕಂಡುಬಂದದ್ದೇನು? 329ರಲ್ಲಿ 134 ಊರುಗಳನ್ನು ಮೊದಲನೆಯ ಸ್ಥಾನಕ್ಕೆ ತರಲು ಸಾಧ್ಯವಿತ್ತು. 150 ಊರುಗಳನ್ನು ಕಟ್ಟಕಡೆಗೆ ನಿಲ್ಲಿಸಲು ಸಾಧ್ಯವಿತ್ತು. 59 ಊರುಗಳಂತೂ ತೂಕ ಹಾಕುವವನ ಇಚ್ಛೆಯಂತೆ ಮೊದಲನೆಯದೂ ಆಗಬಹುದಿತ್ತು, ಕಡೆಯದೂ ಆಗಬಹುದಿತ್ತು.

ಇದು ಮಾಟವಲ್ಲ, ಮೂರನೆಯ ಇಯತ್ತೆಯ ಗಣಿತ. ಮೇಲೂರು, ಕೆಳೂರು ಎಂಬ ಎರಡು ಊರುಗಳಿವೆಯೆಂದು ಭಾವಿಸಿರಿ. ಮೇಲೂರಿಗೆ ಉದ್ಯೋಗದಲ್ಲಿ 80 ಅಂಕ, ನೀರಿನಲ್ಲಿ 40. ಕೆಳೂರಿಗೆ ಉದ್ಯೋಗದಲ್ಲಿ 50, ನೀರಿನಲ್ಲಿ 80. ಉದ್ಯೋಗಕ್ಕೆ ನೂರರಲ್ಲಿ 60 ಪಾಲು, ನೀರಿಗೆ 40 ಪಾಲು ಎಂದು ಗೊತ್ತುಮಾಡಿದರೆ ಮೇಲೂರಿಗೆ 64 ಬಂದು, ಕೆಳೂರಿಗೆ 62 ಬರುತ್ತದೆ, ಮೇಲೂರೇ ಮೇಲು. ಪಾಲುಗಳನ್ನು ಅದಲುಬದಲು ಮಾಡಿರಿ: ಕೆಳೂರಿಗೆ 68, ಮೇಲೂರಿಗೆ 56. ಎರಡೂ ಊರುಗಳಲ್ಲಿ ಒಂದು ನಲ್ಲಿಯೂ ಹೆಚ್ಚಾಗಿಲ್ಲ, ಒಬ್ಬನಿಗೂ ಕೆಲಸ ಹೋಗಿಲ್ಲ. ನೌಕರಿ ಹುಡುಕುವ ಮಗನೂ ನೀರು ತುಂಬುವ ತಾಯಿಯೂ ಒಂದೇ ಮನೆಯಲ್ಲಿದ್ದರೂ ಅವರಿಬ್ಬರ ಯಾದಿಗಳು ಒಂದೇ ಆಗಿರಲಾರವು.

ಇನ್ನು ನಮ್ಮ ನೆರೆಯ ದಾವಣಗೆರೆಯ ಮಾತಿಗೆ ಬರೋಣ. ರಾಣೆಬೆನ್ನೂರಿನಿಂದ ಹೆದ್ದಾರಿ ಹಿಡಿದು ಹರಿಹರವನ್ನು ದಾಟಿದರೆ ಸಿಕ್ಕುವ ಈ ಪಟ್ಟಣವು ಹಾವೇರಿ ಸೀಮೆಯವರಿಗೆ ಪರಕೀಯವಲ್ಲ. ಹೈದರ ಅಲಿಯು ಈ ಊರನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವ್ಯಾಪಾರಸ್ಥರನ್ನು ಕರೆತಂದು ನೆಲೆಗೊಳಿಸಿದನೆಂದೂ ಇತಿಹಾಸವಿದೆ. ಆಮೇಲೆ ಹತ್ತಿಯ ಗಿರಣಿಗಳು ಬಂದು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಗಿರಣಿಗಳು ನಿಂತುಹೋದವು, ಆದರೆ ಅಷ್ಟರಲ್ಲಿಯೇ ಊರು ಇನ್ನೊಂದು ಕಸುಬನ್ನು ಕಲಿತಿತ್ತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆಯೂ, 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರಿನ ವೈದ್ಯಕೀಯ ಕಾಲೇಜೂ ಸ್ಥಾಪನೆಯಾಗಿ, ಗಿರಣಿಯ ಭೋಂಗಾ ಕೂಗುತ್ತಿದ್ದ ಊರಿನಲ್ಲಿ ಕಾಲೇಜಿನ ಗಂಟೆ ಬಾರಿಸತೊಡಗಿತು. 1997ರಲ್ಲಿ ಹಾವೇರಿ ಜಿಲ್ಲೆಯಾದಂತೆ ದಾವಣಗೆರೆಯೂ ಜಿಲ್ಲೆಯಾಯಿತು. 2009ರಲ್ಲಿ ವಿಶ್ವವಿದ್ಯಾನಿಲಯವೂ ಬಂದಿತು. 2011ರ ಖಾನೇಸುಮಾರಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 4 ಲಕ್ಷ 35 ಸಾವಿರ. ಬೆಣ್ಣೆದೋಸೆಯ ವಿಷಯವನ್ನು ನಾನು ಹೇಳಬೇಕಾಗಿಲ್ಲ. ಅದಕ್ಕೆ ಯಾವ ಸರಕಾರದ ಪ್ರಮಾಣಪತ್ರವೂ ಬೇಕಾಗಿಲ್ಲ.

2021ರ ಮಾರ್ಚ್ 4ರಂದು ಕೇಂದ್ರಸರಕಾರವು 2020ನೆಯ ಸಾಲಿನ 'ಸುಗಮ ಜೀವನ ಸೂಚ್ಯಂಕ'ವನ್ನು ಪ್ರಕಟಿಸಿತು. ಒಟ್ಟು 111 ಪಟ್ಟಣಗಳನ್ನು ಎರಡು ವರ್ಗಗಳಾಗಿ ಮಾಡಿದ್ದರು: ಹತ್ತು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯವು 49, ಅದಕ್ಕೆ ಕಡಿಮೆಯವು 62. ದೊಡ್ಡವುಗಳಲ್ಲಿ ಬೆಂಗಳೂರು ಮೊದಲು, ಪುಣೆ ಎರಡನೆಯದು, ಅಹಮದಾಬಾದು ಮೂರನೆಯದು. ಚಿಕ್ಕವುಗಳಲ್ಲಿ ಶಿಮ್ಲಾ, ಭುವನೇಶ್ವರ, ಸಿಲ್ವಾಸಾ, ಕಾಕಿನಾಡ, ಸೇಲಂ, ವೆಲ್ಲೂರು, ಗಾಂಧಿನಗರ, ಗುರುಗ್ರಾಮಗಳಾದ ಮೇಲೆ ಒಂಬತ್ತನೆಯದಾಗಿ ದಾವಣಗೆರೆಯ ಹೆಸರು ಬಂದಿತು. ತಿರುಚಿನಾಪಳ್ಳಿಯಂಥ ಹಳೆಯ ಪಟ್ಟಣವೂ ಅದರ ಹಿಂದೆಯೇ ನಿಂತಿತು. ಕನ್ನಡಿಗರೆಲ್ಲರೂ ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಮೊದಲನೆಯ ಶಿಮ್ಲಾಕ್ಕೆ ನೂರಕ್ಕೆ ಬಂದ ಅಂಕಗಳು 60.90, ಬೆಂಗಳೂರಿಗೆ 66.70. ಕಾಲೇಜಿನ ಪರೀಕ್ಷೆಯಲ್ಲಾದರೆ ಇದು ಹೇಗೋ ಪ್ರಥಮ ವರ್ಗವನ್ನು ಮುಟ್ಟಿದ ಲೆಕ್ಕ. ವರ್ಗದಲ್ಲಿ ಮೊದಲನೆಯವನಾಗುವುದು ಬೇರೆ, ಪಾಠವನ್ನೆಲ್ಲ ಕಲಿತಿರುವುದು ಬೇರೆ.

ಪರೀಕ್ಷೆಯ ಕ್ರಮವನ್ನು ನೋಡಿರಿ. ನೂರು ಪಾಲುಗಳಲ್ಲಿ ಜೀವನದ ಗುಣಕ್ಕೆ 35, ಆರ್ಥಿಕ ಶಕ್ತಿಗೆ 15, ಮುಂದಿನ ಕಾಲಕ್ಕೂ ಬಾಳಿಕೆ ಬರುವಂಥ ಪರಿಸರಾದಿಗಳಿಗೆ 20. ಉಳಿದ 30 ಪಾಲುಗಳು ಪೌರರ ಅಭಿಪ್ರಾಯಕ್ಕೆ. ಸಾಲೆ, ದವಾಖಾನೆ, ಮನೆ, ನೀರು, ಕಸ, ಸಂಚಾರ, ಭದ್ರತೆ, ವಿನೋದ ಇವೆಲ್ಲವೂ ಮೊದಲನೆಯ 35ರಲ್ಲಿಯೇ ಅಡಕವಾಗಿವೆ. ಉದ್ಯೋಗ ಹುಡುಕಿಕೊಂಡು ಹಳ್ಳಿಯಿಂದ ಹೋಗುವ ತರುಣನಿಗೆ ಮುಖ್ಯವಾದ ಆರ್ಥಿಕ ಬಾಬಿಗೆ ನೂರಕ್ಕೆ ಹದಿನೈದೇ ಪಾಲು ಎಂಬುದನ್ನು ಅವನು ಗಮನದಲ್ಲಿಡಬೇಕು. ಒಂಬತ್ತನೆಯ ಸ್ಥಾನದ ಊರಿನಲ್ಲಿ ಅವನಿಗೆ ಒಂಬತ್ತನೆಯ ದರ್ಜೆಯ ಪಗಾರ ಸಿಕ್ಕುವುದೆಂದು ಯಾರೂ ಹೇಳಿಲ್ಲ.

ಅಭಿಪ್ರಾಯದ 30 ಪಾಲುಗಳ ವಿಷಯವಂತೂ ಸ್ವಾರಸ್ಯವಾದುದು. 2020ರ ಜನೆವರಿ 16ರಿಂದ ಮಾರ್ಚ್ 20ರ ವರೆಗೆ 111 ಪಟ್ಟಣಗಳ 32 ಲಕ್ಷಕ್ಕೂ ಹೆಚ್ಚು ಜನರು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಬಂದ ಉತ್ತರವು ಊರಿನ ಸ್ಥಿತಿಯನ್ನಷ್ಟೇ ಅಲ್ಲ, ಉತ್ತರ ಕೊಡುವವನ ನಿರೀಕ್ಷೆಯನ್ನೂ ತೋರಿಸುತ್ತದೆ. ಮಡ್ಡಿಯ ಊರಿನಲ್ಲಿ ಹುಟ್ಟಿ ಬೆಳೆದ ಸೊಸೆಗೆ ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿಯೇ ಸ್ವರ್ಗಸಮಾನ. ನಿತ್ಯವೂ ನೀರು ಕಂಡವಳಿಗೆ ಒಂದು ದಿನ ತಪ್ಪಿದರೂ ಅದು ದುರಾಡಳಿತ. ಇಬ್ಬರೂ ಸುಳ್ಳು ಹೇಳಿದಂತಲ್ಲ. ಇದಲ್ಲದೆ ಆ ಅಭಿಪ್ರಾಯಸಂಗ್ರಹವು ಮುಗಿದ ವಾರದಲ್ಲಿಯೇ ಕೋವಿಡ್ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಆದುದರಿಂದ 2021ರಲ್ಲಿ ಜನರು ಓದಿದ ನಂಬರು, ದವಾಖಾನೆಯ ಹಾಸಿಗೆಗಾಗಿ ಮನೆಮಂದಿ ಅಲೆದಾಡುವುದಕ್ಕೆ ಮೊದಲಿನ ಪ್ರಪಂಚದ ನಂಬರು.

ಬೆಂಗಳೂರಿನ ಕಥೆಯನ್ನು ಕೇಳಿದರೆ ಈ ಯಾದಿಗಳನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದು ಇನ್ನೂ ಸ್ಪಷ್ಟವಾಗುವುದು. ಇದೇ ಸೂಚ್ಯಂಕದ 2018ರ ಆವೃತ್ತಿಯಲ್ಲಿ, 111 ಪಟ್ಟಣಗಳ ಪೈಕಿ, ಬೆಂಗಳೂರಿಗೆ 58ನೆಯ ಸ್ಥಾನ. 2020ರಲ್ಲಿ ದೊಡ್ಡ ಪಟ್ಟಣಗಳೊಳಗೆ ಮೊದಲನೆಯ ಸ್ಥಾನ! ನಡುವಿನ ಎರಡು ವರ್ಷಗಳಲ್ಲಿ ಬೆಂಗಳೂರಿನ ರಸ್ತೆಗಳು ಅಗಲವಾದುದನ್ನು ಅಲ್ಲಿಯ ನಮ್ಮ ಬಂಧುಗಳಾರೂ ಕಂಡಂತಿಲ್ಲ. ಬಾಬುಗಳೂ ತೂಕಗಳೂ ವರ್ಗಗಳೂ ಬೇರೆಯಾಗಿದ್ದವು, ಅಷ್ಟೇ. ಇಷ್ಟಕ್ಕೇ ಮುಗಿಯಲಿಲ್ಲ. ಸುಗಮ ಜೀವನದಲ್ಲಿ ಬೆಂಗಳೂರು ಮೊದಲನೆಯದೆಂದು ಸಾರಿದ ದಿನವೇ, ಪೌರಾಡಳಿತದ ದಕ್ಷತೆಯನ್ನು ಅಳೆಯುವ ಇನ್ನೊಂದು ಯಾದಿಯೂ ಹೊರಬಿದ್ದಿತು. ಅದರಲ್ಲಿ ದೊಡ್ಡ ಪಟ್ಟಣಗಳೊಳಗೆ ಇಂದೂರು ಮೊದಲು, ಬೆಂಗಳೂರು 31ನೆಯದು. ವಾಸಕ್ಕೆ ಎಲ್ಲಕ್ಕಿಂತ ಉತ್ತಮವಾದ ಊರು, ಆಡಳಿತಕ್ಕೆ ಮೂವತ್ತರಾಚೆ. ಇವೆರಡನ್ನೂ ಒಂದೇ ಸರಕಾರವು ಒಂದೇ ದಿನ ಹೇಳಿತು. ಫಲಕಗಳಲ್ಲಿ ಅಚ್ಚಾದದ್ದು ಯಾವುದೆಂದು ವಾಚಕರೇ ಊಹಿಸಬಲ್ಲರು.

ಹಾಗಾದರೆ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಗಳಿಗೆ ಎಷ್ಟನೆಯ ಸ್ಥಾನ? ಯಾವ ಸ್ಥಾನವೂ ಇಲ್ಲ. ಏಕೆಂದರೆ ಅವನ್ನು ಪರೀಕ್ಷೆಗೆ ಕೂರಿಸಲೇ ಇಲ್ಲ. ಸ್ಮಾರ್ಟ್ ಸಿಟಿ ಯೋಜನೆಗೆ ಆರಿಸಿದ ಪಟ್ಟಣಗಳು, ರಾಜಧಾನಿಗಳು, ಹತ್ತು ಲಕ್ಷ ಮೀರಿದ ನಗರಗಳು, ಇವೇ ಆ 111. ದಾವಣಗೆರೆಯು 2016ರ ಜನೆವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲನೆಯ ಇಪ್ಪತ್ತು ಪಟ್ಟಣಗಳಲ್ಲಿ ಬೆಳಗಾವಿಯೊಡನೆ ಆಯ್ಕೆಯಾದುದರಿಂದ ಈ ಪರೀಕ್ಷೆಗೆ ಅರ್ಹತೆ ಪಡೆಯಿತು. ಹುಬ್ಬಳ್ಳಿ-ಧಾರವಾಡಕ್ಕೆ ಅದೇ ವರ್ಷದ ಸಪ್ಟೆಂಬರದಲ್ಲಿ ಸರತಿ ಬಂದಿತು. 2011ರಲ್ಲಿ ಒಂದು ಲಕ್ಷವನ್ನು ದಾಟಿದ ರಾಣೆಬೆನ್ನೂರಿಗಾಗಲಿ, 67 ಸಾವಿರದ ಹಾವೇರಿಗಾಗಲಿ, ಸುಮಾರು 30 ಸಾವಿರದ ಬ್ಯಾಡಗಿಗಾಗಲಿ ಅಲ್ಲಿ ಜಾಗವಿರಲಿಲ್ಲ. ಯಾದಿಯಲ್ಲಿ ಹೆಸರಿಲ್ಲದ ಊರನ್ನು ನಪಾಸಾದ ಊರೆಂದು ಎಣಿಸಿ, ಅಲ್ಲಿಯ ಒಳ್ಳೆಯ ಮನೆಯನ್ನು ಮಾರಿ ಹೋಗುವವರಿದ್ದಾರೆ. ಆದುದರಿಂದ ಇದನ್ನು ಒತ್ತಿ ಹೇಳಬೇಕಾಯಿತು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ನಡೆದ ಜಲಸಿರಿ ಯೋಜನೆಯ ಮೊದಲನೆಯ ಗುಂಪಿನಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಈ ನಾಲ್ಕೂ ಒಟ್ಟಿಗೆ ಇವೆ. ದಿನದ ಇಪ್ಪತ್ತನಾಲ್ಕು ತಾಸೂ ನಲ್ಲಿಯಲ್ಲಿ ನೀರು ಕೊಡಬೇಕೆಂಬ ಉದ್ದೇಶವು ನಾಲ್ಕಕ್ಕೂ ಸಮಾನ. ಒಂದೇ ಸಾಲ, ಒಂದೇ ಯೋಜನೆ; ಒಂದು ಊರಿಗೆ ಮಾತ್ರ ರಾಷ್ಟ್ರಮಟ್ಟದ ನಂಬರು.

ನಂಬರು ಬಂದ ಊರಿನೊಳಗೂ ಎಲ್ಲ ಓಣಿಗಳೂ ಒಂದೇ ಅಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯೆಂಬ ಪ್ರದೇಶವಿದೆ. ನಮ್ಮ ಸೀಮೆಯ ಸಂಜೆಯ ಫಳಾರಕ್ಕೆ ಚುರುಮುರಿಯನ್ನು ಒದಗಿಸುವ ಭಟ್ಟಿಗಳು ಅಲ್ಲಿ ಒತ್ತೊತ್ತಾಗಿ ಉರಿಯುತ್ತ ಬಂದಿವೆ. ಬಿಸಿ ಉಸುಕು, ಹೊಗೆ, ಬೂದಿಗಳ ನಡುವೆ ಮನೆಮಂದಿಯೆಲ್ಲ ದುಡಿದು ಹೊಟ್ಟೆ ಹೊರೆದುಕೊಳ್ಳುವ ಜಾಗವದು. ಸ್ಮಾರ್ಟ್ ಸಿಟಿಯ ಯೋಜನೆಯನ್ನು ಬರೆದಾಗ ಪಟ್ಟಣದವರು ಈ ಭಟ್ಟಿಗಳ ಸುಧಾರಣೆಯನ್ನೂ ಅದರಲ್ಲಿ ಸೇರಿಸಿದ್ದರು, ಅದು ಅವರಿಗೆ ಭೂಷಣವೇ. ಆದರೆ ಭಟ್ಟಿಯ ಹೊಗೆಯಲ್ಲಿ ಕೆಮ್ಮುವ ಮುದುಕಿಗೂ, ಕಾಲೇಜಿನ ಬಳಿಯ ಬಡಾವಣೆಯಲ್ಲಿ ಸಾಲುಮರಗಳ ನೆರಳಿನಲ್ಲಿ ವಾಯುಸೇವನೆ ಮಾಡುವ ಗೃಹಸ್ಥನಿಗೂ ಒಂಬತ್ತು ಎಂಬುದು ಒಂದೇ ಅರ್ಥವನ್ನು ಕೊಡಲಾರದು. ಒಂದು ಪಟ್ಟಣಕ್ಕೆ ಒಂದೇ ಅಂಕವನ್ನು ಕೊಡುವ ಪದ್ಧತಿಯ ದೊಡ್ಡ ದೋಷವು, ನನ್ನ ಮಟ್ಟಿಗೆ, ಇದೇ.

ಹೀಗೆಂದು ಈ ಯಾದಿಗಳೆಲ್ಲ ನಿರುಪಯೋಗಿಗಳೆಂದು ತಿಳಿಯಬಾರದು. ಸ್ವಚ್ಛತೆಯ ಯಾದಿಯಿಂದ ಆದ ಉಪಕಾರವು ಕಣ್ಣಿಗೆ ಕಾಣುವಂಥದು. ಮೈಸೂರು ಪಟ್ಟಣವು 2015ರಲ್ಲಿ 476 ಪಟ್ಟಣಗಳ ಯಾದಿಯಲ್ಲಿಯೂ, 2016ರಲ್ಲಿ 73 ಪಟ್ಟಣಗಳ ಸ್ವಚ್ಛ ಸರ್ವೇಕ್ಷಣದಲ್ಲಿಯೂ ಮೊದಲನೆಯದಾಗಿತ್ತು. 2017ರಲ್ಲಿ 434 ಪಟ್ಟಣಗಳ ಪೈಪೋಟಿಯಲ್ಲಿ ಇಂದೂರು ಮೊದಲಾಗಿ, ಮೈಸೂರು ಐದನೆಯದಾಯಿತು. ಮೈಸೂರೇನೂ ಹೊಲಸಾಗಿರಲಿಲ್ಲ, ಇಂದೂರಿನವರು ಹಟ ಹಿಡಿದು ಮನೆಮನೆಯ ಹಸಿಕಸ ಒಣಕಸಗಳನ್ನು ಬೇರ್ಪಡಿಸುವುದನ್ನು ಕಲಿತಿದ್ದರು. ಆ ಪೈಪೋಟಿಯು ಮೈಸೂರನ್ನೂ ಎಚ್ಚರದಲ್ಲಿಟ್ಟಿತು. 2025ರ ಜುಲೈಯಲ್ಲಿ ಪ್ರಕಟವಾದ 2024ನೆಯ ಸಾಲಿನ ಫಲಿತಾಂಶದಲ್ಲಿ, ಮೇಲಿಂದ ಮೇಲೆ ಗೆದ್ದವರಿಗಾಗಿಯೇ ನಿರ್ಮಿಸಿದ 'ಸೂಪರ್ ಸ್ವಚ್ಛ ಲೀಗ್' ಎಂಬ ಪಂಕ್ತಿಯಲ್ಲಿ ಮೈಸೂರಿಗೂ ಎಲೆ ಹಾಕಿದರು. ಮೈಸೂರಿನ ಈ ಸ್ವಚ್ಛತೆಗೆ ಹಳೆಯ ಬುನಾದಿಯೂ ಉಂಟು. ಪ್ಲೇಗಿನ ಹಾವಳಿಯಿಂದ ಬುದ್ಧಿ ಕಲಿತು 1903ರಲ್ಲಿಯೇ ಅಲ್ಲಿ ನಗರಸುಧಾರಣೆಯ ಮಂಡಲಿಯನ್ನು ಸ್ಥಾಪಿಸಿ, ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಗಟಾರಗಳನ್ನು ಕಟ್ಟಿಸಿದರು. ಅಂದಿನವರ ಖರ್ಚು, ಇಂದಿನ ಪೌರಕಾರ್ಮಿಕರ ಬೆಳಗಿನ ಜಾವದ ದುಡಿತ, ಎರಡು ಬುಟ್ಟಿಯಲ್ಲಿ ಕಸ ಹಾಕುವ ಗೃಹಿಣಿಯ ತಾಳ್ಮೆ ಇವು ಕೂಡಿ ಆ ನಂಬರು. ಪದಕವನ್ನು ಮಾತ್ರ ದಿಲ್ಲಿಗೆ ಹೋಗಿ ತರುವವರು ಅಧಿಕಾರಿಗಳು. ಸ್ವಚ್ಛತೆಯ ಈ ಪರೀಕ್ಷೆಗೆ ಚಿಕ್ಕ ಪೇಟೆಗಳನ್ನೂ ಈಚೆಗೆ ಕೂರಿಸುತ್ತಿರುವುದರಿಂದ, ನಮ್ಮ ಪುರಸಭೆಗಳ ಸದಸ್ಯರನ್ನು ಹಿಡಿದು ಕೇಳುವುದಕ್ಕೆ ಜನರಿಗೆ ಒಂದು ಹಿಡಿಕೆ ಸಿಕ್ಕಂತಾಗಿದೆ.

ದಾಖಲೆಗಳ ಮಾತು ಬಂದಾಗ ಹುಬ್ಬಳ್ಳಿಯನ್ನು ಬಿಡುವಂತಿಲ್ಲ. 2023ರ ಮಾರ್ಚದಲ್ಲಿ ಉದ್ಘಾಟನೆಯಾದ ಅಲ್ಲಿಯ ರೇಲ್ವೆ ಕಟ್ಟೆಯು 1,507 ಮೀಟರು ಉದ್ದವಾಗಿದ್ದು ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದುದೆಂದು ಹೆಸರಾಯಿತು. ನಾವೆಲ್ಲ ಹೆಮ್ಮೆಪಟ್ಟೆವು. ಗಂಟುಮೂಟೆಯೊಡನೆ ಡಬ್ಬಿಯನ್ನು ಹುಡುಕುತ್ತ ಅದರ ಈ ತುದಿಯಿಂದ ಆ ತುದಿಗೆ ಓಡುವ ಅಜ್ಜಿಯ ಅಭಿಪ್ರಾಯವನ್ನು ಕೇಳಿದವರಿಲ್ಲ.

ಇನ್ನು ವ್ಯಾಪಾರದ ಸ್ಥಾನಮಾನ. ವ್ಯಾಪಾರಕ್ಕೆ ಯಾವ ದೇಶವು ಸುಗಮವೆಂದು ಜಾಗತಿಕ ಬ್ಯಾಂಕು ವರ್ಷವರ್ಷವೂ ಒಂದು ಯಾದಿಯನ್ನು ಪ್ರಕಟಿಸುತ್ತಿತ್ತು. 2014ರಲ್ಲಿ 142ನೆಯದಾಗಿದ್ದ ಭಾರತವು 2019ರಲ್ಲಿ 63ಕ್ಕೆ ಏರಿತು. ಆದರೆ ಇಡೀ ಭಾರತದ ಪರವಾಗಿ ಪರೀಕ್ಷೆಗೆ ಕುಳಿತಿದ್ದ ಊರುಗಳು ಎರಡೇ: ದಿಲ್ಲಿ, ಮುಂಬಯಿ. ಅಲ್ಲಿಯ ಸುಗಮತೆಯು ಬ್ಯಾಡಗಿಯ ಅಡತಿ ಅಂಗಡಿಯವನಿಗೆ ಮುಟ್ಟಿತೆಂದು ಹೇಗೆ ಹೇಳುವುದು? ಕೊನೆಗೆ ಕೆಲವು ದೇಶಗಳ ಅಂಕಗಳನ್ನು ತಿದ್ದಿದ್ದುದು ಬಯಲಿಗೆ ಬಂದು, 2021ರ ಸಪ್ಟೆಂಬರದಲ್ಲಿ ಆ ಯಾದಿಯನ್ನೇ ಬ್ಯಾಂಕು ಕೈಬಿಟ್ಟಿತು. ಪರೀಕ್ಷಕನೇ ನಕಲು ಮಾಡಿದಾಗ ವಿದ್ಯಾರ್ಥಿಗಳೇನು ಮಾಡಬೇಕು! ನಮ್ಮ ದೇಶದೊಳಗಿನ ರಾಜ್ಯಗಳ ಯಾದಿಯಲ್ಲಿಯೂ ಇಂಥ ಏರಿಳಿತವೇ: 2020ರಲ್ಲಿ ಪ್ರಕಟವಾದುದರಲ್ಲಿ ಕರ್ನಾಟಕಕ್ಕೆ 17ನೆಯ ಸ್ಥಾನ, 2022ರ ಜೂನದಲ್ಲಿ ಒಂದೊಂದಾಗಿ ನಂಬರು ಕೊಡುವುದನ್ನು ಬಿಟ್ಟು ರಾಜ್ಯಗಳನ್ನು ಗುಂಪುಮಾಡಿದಾಗ ಅದೇ ಕರ್ನಾಟಕವು ಮೇಲಿನ ಏಳು ರಾಜ್ಯಗಳ ಗುಂಪಿನಲ್ಲಿ.

ಬ್ಯಾಡಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿರಿ. ಮೂವತ್ತು ಸಾವಿರ ಜನರ ಈ ಪೇಟೆಯ ಹೆಸರು ಮೆಣಸಿನಕಾಯಿಯ ದೆಸೆಯಿಂದ ದೇಶದಾಚೆಗೂ ಹೋಗಿದೆ. ಖಾರ ಕಡಿಮೆ, ಬಣ್ಣ ಗಾಢ; ಕಡ್ಡಿ, ಡಬ್ಬಿ ಎಂಬ ಎರಡು ಜಾತಿಗಳು; ಅದರಿಂದ ತೆಗೆದ ಕೆಂಪು ಸತ್ವವು ತಿನಿಸುಗಳಿಗೂ ತುಟಿಯ ಬಣ್ಣಕ್ಕೂ ಬಳಕೆಯಾಗುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಸೋಮವಾರ ಗುರುವಾರಗಳ ಪೇಟೆಗೆ ನೆರೆಯ ಜಿಲ್ಲೆಗಳಿಂದಲೂ ಆಂಧ್ರದಿಂದಲೂ ಚೀಲಗಳು ಬಂದು ಬೀಳುತ್ತವೆ. ವ್ಯಾಪಾರದ ಯಾವ ಸೂಚ್ಯಂಕದ ನೆರವೂ ಇಲ್ಲದೆ ಬೆಳೆದ ಪೇಟೆಯಿದು. ಆದರೆ 2024ರ ಮಾರ್ಚ್ 11ರ ಸೋಮವಾರದಂದು ಧಾರಣೆಯು ಒಮ್ಮೆಲೆ ಕುಸಿದುದನ್ನು ಕಂಡು ರೊಚ್ಚಿಗೆದ್ದ ಬೆಳೆಗಾರರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದ್ದನ್ನು ಯಾರೂ ಮೆಚ್ಚಲಾರರು. ಆದರೂ ಒಂದು ಮಾತು. ಪರವಾನಗಿ ಎಷ್ಟು ದಿನಗಳಲ್ಲಿ ಸಿಕ್ಕಿತು, ವಿದ್ಯುತ್ತಿನ ಜೋಡಣೆಗೆ ಎಷ್ಟು ಅರ್ಜಿಗಳು ಬೇಕಾದವು ಎಂಬುದನ್ನು ವ್ಯಾಪಾರದ ಯಾದಿಗಳು ಅಳೆಯುತ್ತವೆ. ಚೀಲ ಇಳಿಸಿದ ಬೆಳೆಗಾರನಿಗೆ ಧಾರಣೆಯು ಹೇಗೆ ಗೊತ್ತಾಯಿತು, ಅವನ ಹಣ ಎಂದು ಕೈಸೇರಿತು ಎಂಬುದನ್ನು ಅಳೆಯುವುದಿಲ್ಲ. ಪೇಟೆಗೆ ಮಾಲನ್ನು ತರುವವನೂ ವ್ಯಾಪಾರದವನೇ ಅಲ್ಲವೆ?

ಈಗ ಹೊಸರಿತ್ತಿಯ ಕಡೆಯ ನಮ್ಮ ಗೃಹಸ್ಥನ ಸಂಗತಿ. ಹಾವೇರಿಯಲ್ಲಿ ನಿಂತರೆ ಬಡಗಣಕ್ಕೆ ಹುಬ್ಬಳ್ಳಿ, ತೆಂಕಣಕ್ಕೆ ದಾವಣಗೆರೆ, ಎರಡೂ ಹೆಚ್ಚುಕಡಿಮೆ ಸಮದೂರ. ದೊಡ್ಡ ಬೇನೆ ಬಂದರೆ 1957ರಿಂದಲೂ ಇರುವ ಹುಬ್ಬಳ್ಳಿಯ ದೊಡ್ಡ ದವಾಖಾನೆಗೋ ದಾವಣಗೆರೆಗೋ ಓಡುವುದು ರೂಢಿಯಾಗಿತ್ತು. 2022ರಲ್ಲಿ ಹಾವೇರಿಯಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದುದರಿಂದ ಆ ಲೆಕ್ಕವೂ ಬದಲಾಗುತ್ತಲಿದೆ. ಇಂಥ ಬದಲಾವಣೆಯನ್ನು ನಾಲ್ಕು ವರ್ಷದ ಹಿಂದಿನ ಯಾವ ಯಾದಿಯೂ ತಿಳಿಸದು. ಪೇಟೆ ಸೇರುವವರು ಪಟ್ಟಣದ ಹೆಸರನ್ನಲ್ಲ, ಓಣಿಯ ಹೆಸರನ್ನು ಹಿಡಿದು ವಿಚಾರಿಸಬೇಕು. ನೀರು ಎಷ್ಟು ದಿನಕ್ಕೊಮ್ಮೆ ಬರುವುದೆಂಬುದನ್ನು ಪ್ಲಾಟು ಮಾರುವವನನ್ನು ಕೇಳಿ ಫಲವಿಲ್ಲ. ಆ ಓಣಿಯಲ್ಲಿ ಹತ್ತು ವರ್ಷ ಬಾಳಿದ ಹೆಣ್ಣುಮಗಳನ್ನು ಕೇಳಬೇಕು, ಅದೂ ಚೈತ್ರ ವೈಶಾಖದಲ್ಲಿ. ಒಳಚರಂಡಿಯು ಮನೆಯ ತನಕ ಬಂದಿದೆಯೋ, ಬಡಾವಣೆಯ ನಕಾಶೆಯಲ್ಲಿ ಮಾತ್ರ ಇದೆಯೋ ನೋಡಬೇಕು. ಮಳೆಗಾಲದಲ್ಲಿ ಒಂದು ಸಲ ಹೋಗಿ ನಿಂತು ನೋಡಿದರೆ ನಕಾಶೆ ಸುಳ್ಳು ಹೇಳಲಾರದು.

ಕಾಗದಪತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಹೊಲವು ಬಿನಶೇತ್ಕಿಯಾಗಿದೆಯೆಂದು ಬಾಯಿಮಾತಿನಿಂದ ಹೇಳಿ ಮುಂಗಡ ಕೇಳುವವರುಂಟು. ಬಿನಶೇತ್ಕಿಯ ಹುಕುಮು, ಬಡಾವಣೆಯ ಮಂಜೂರಾತಿ, ಪಟ್ಟಣಸಂಸ್ಥೆಯ ಖಾತೆಯ ಉತಾರ, ಭೂಮಿಯ ಮೇಲೆ ಸಾಲವಿಲ್ಲವೆಂಬುದನ್ನು ತೋರಿಸುವ ಋಣಭಾರದ ಪತ್ರ, ಈ ನಾಲ್ಕನ್ನು ಕಣ್ಣಾರೆ ಕಾಣುವ ತನಕ ಹೊಲದ ಖರೀದಿಪತ್ರಕ್ಕೆ ರುಜು ಹಾಕಬಾರದು. ಹೊಲವನ್ನು ಮಾರುವುದಕ್ಕೆ ಮೊದಲು ಒಂದು ವರ್ಷ ಬಾಡಿಗೆಯ ಮನೆಯಲ್ಲಿದ್ದು ನೋಡುವುದಾದರೆ ಇನ್ನೂ ಲೇಸು. ಮಗಳ ಮೊದಲನೆಯ ವರ್ಷದ ಓದೂ ಅಷ್ಟರಲ್ಲಿ ಮುಗಿಯುವುದು, ಮನೆಯಾಕೆಗೆ ಅಲ್ಲಿಯ ನೀರೂ ನೆರೆಹೊರೆಯೂ ಗೊತ್ತಾಗುವುವು, ಹೊಲವನ್ನು ಅಷ್ಟರ ತನಕ ಲಾವಣಿಗೆ ಕೊಟ್ಟರೂ ಬಾಡಿಗೆಯ ಒಂದು ಪಾಲು ಹುಟ್ಟುವುದು.